ಬಣ್ಣಗಳ ಪಟ್ಟಿ ಬದಿಗಿಡಿ, ಮೈ ನೋಡಿ

ಪ್ರದರ್ಶನದಲ್ಲಿ ಕಂಡ ಹಸಿರು ಮುಖದ ಹೆಂಗಸಿನ ಚಿತ್ರಕ್ಕೆ ಅರ್ಥ ಏನು, ಯಾವ ಬಣ್ಣಕ್ಕೆ ಯಾವ ಭಾವ ಅಂತ ಪಟ್ಟಿ ಸಿಗುತ್ತದಾ ಅಂತ ಕೇಳಿದ್ದೀರಿ. ಅಂಥ ಪಟ್ಟಿ ನನ್ನ ತಲೆಯಲ್ಲೇ ಇತ್ತು ಮಾರಾಯ್ರೆ. ನಾನು ಕೆಟ್ಟದ್ದು ಅದರಿಂದಲೇ.

ಉಡುಪಿಯಲ್ಲಿ ಪರಿಚಯದ ಕಲಾವಿದರೊಬ್ಬರ ಪ್ರದರ್ಶನ ಇತ್ತು. ಕ್ಯಾಟಲಾಗಿಗೆ ನಾಲ್ಕು ಮಾತು ಬರೆದುಕೊಡಿ ಅಂದರು. ಮುಖ್ಯ ಚಿತ್ರದಲ್ಲಿ ಸ್ಟೂಲಿನ ಮೇಲೆ ಕೂತ ಗಂಡಸು. ಮೈಯೆಲ್ಲ ನೀಲಿ, ಕುತ್ತಿಗೆ ಬಗ್ಗಿದೆ. ವಾಟ್ಸಾಪಿನಲ್ಲಿ ಫೋಟೋ ಬಂತು. ಮಂಗಳೂರಿನಿಂದ ಹೋಗಿ ನೋಡಲು ನನಗೆ ಉದಾಸೀನ. ನೀಲಿ ಅಂದರೆ ದುಃಖ, ಬಗ್ಗಿದ ಕುತ್ತಿಗೆ ಅಂದರೆ ಸೋಲು. ಬರೆದು ಕಳಿಸಿದೆ, ಅಚ್ಚೂ ಆಯ್ತು.

ಉದ್ಘಾಟನೆಯ ದಿನ ಅದರ ಎದುರು ನಿಂತೆ. ಆಳೆತ್ತರದ ಕ್ಯಾನ್ವಾಸ್. ಆ ಮನುಷ್ಯನ ಹಿಮ್ಮಡಿ ನೆಲದಿಂದ ಎದ್ದಿದೆ, ಕಾಲ್ಬೆರಳುಗಳು ನೆಲಕ್ಕೆ ಒತ್ತಿವೆ. ತೊಡೆಯ ಮೇಲೆ ಬಣ್ಣ ಹಚ್ಚುವ ನೈಫಿನಿಂದ ಎಳೆದ ದಪ್ಪ ಬಣ್ಣ, ಎಲ್ಲ ಗೀರೂ ಮೇಲಕ್ಕೆ. ಅವನು ಸೋತು ಕೂತಿಲ್ಲ, ಯಾರ ಮೇಲೋ ಎರಗಲು ಏಳುತ್ತಿದ್ದಾನೆ! ಮೊಬೈಲಿನಲ್ಲಿ ಬಣ್ಣದ ದಪ್ಪ ಗೊತ್ತಾಗುವುದಿಲ್ಲ, ಗಾತ್ರವೂ ಇಲ್ಲ, ನಿಜ. ಆದರೆ ಹಿಮ್ಮಡಿ ಫೋಟೋದಲ್ಲೂ ಇತ್ತು. ನೀಲಿ ಕಂಡ ಕೂಡಲೇ ನನಗೆ ಉತ್ತರ ಸಿಕ್ಕಿಬಿಟ್ಟಿತ್ತು. ಕುತ್ತಿಗೆ ನೋಡಿದ್ದು ಕೂಡ ಆ ಉತ್ತರಕ್ಕೊಂದು ಸಾಕ್ಷಿ ಬೇಕಲ್ಲ ಅಂತ. ಅದಕ್ಕಿಂತ ಕೆಳಗೆ ಕಣ್ಣು ಇಳಿಯಲೇ ಇಲ್ಲ. ಕಲಾವಿದರು ಬೈಯಲಿಲ್ಲ. ಮತ್ತೆಂದೂ ಬರೆಯಲು ಹೇಳಲೂ ಇಲ್ಲ. ಅವರ ಬಳಗದಲ್ಲಿ ಬೇರೆ ಯಾರೂ ಹೇಳಲಿಲ್ಲ.

ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ 'ಇದು ಎಂತದ್ದು' ಅಂತ ಕೇಳಬಹುದು. ಇಟಲಿಯ ಮೊಸ್ಕೆನಿ ಅಲ್ಲಿ ಸಂತನ ಬದುಕಿನ ಕಥೆಯನ್ನೇ ಬಿಡಿಸಿದ್ದಾರೆ. ಕಥೆ ಗೊತ್ತಿದ್ದರೆ ಮುಗಿಯಿತು. ನೀವು ನೋಡಿದಂಥ ಎಕ್ಸ್‌ಪ್ರೆಷನಿಸ್ಟ್ ಚಿತ್ರಕ್ಕೆ, ಅಂದರೆ ಒಳಗಿನ ಭಾವ ತೋರಿಸಲು ಆಕಾರ, ಬಣ್ಣವನ್ನೇ ತಿರುಚುವ ಚಿತ್ರಕ್ಕೆ, ಆ ಪ್ರಶ್ನೆಯೇ ಸರಿಯಲ್ಲ ಅಂತ ನನ್ನ ವಾದ. ಜರ್ಮನಿಯ ಕಿರ್ಶ್ನರ್ 1915ರಲ್ಲಿ ತನ್ನನ್ನೇ ಸೈನಿಕನ ವೇಷದಲ್ಲಿ ಬಿಡಿಸಿಕೊಂಡ. ಬಲಗೈ ಕತ್ತರಿಸಿಹೋಗಿದೆ. ನಿಜದಲ್ಲಿ ಅವನ ಕೈಗೆ ಏನೂ ಆಗಿರಲಿಲ್ಲ, ಸೇನೆಯಲ್ಲಿ ಕುಸಿದದ್ದು ಮನಸ್ಸು. ಚಿತ್ರ ಬಿಡಿಸುವವನಿಗೆ ಕೈಯೇ ಇಲ್ಲದಿದ್ದರೆ? ಈ ಹೆದರಿಕೆ ತಿಳಿಯಲು ಬಣ್ಣದ ಪಟ್ಟಿ ಯಾಕೆ? ನಾರ್ವೆಯ ಮುಂಕ್ 1893ರಲ್ಲಿ ಬಿಡಿಸಿದ 'ದಿ ಸ್ಕ್ರೀಮ್' ಕೂಡ ಹಾಗೆಯೇ. ಎಲ್ಲರೂ ಬಾಯಿ ನೋಡಿ, ಕಿರುಚುತ್ತಿದ್ದಾನೆ ಅನ್ನುತ್ತಾರೆ. ಕೈ ಇರುವುದು ಕಿವಿಯ ಮೇಲೆ. ಪ್ರಕೃತಿಯೊಳಗಿನ ಕಿರುಚು ತನಗೆ ಕೇಳಿಸಿತು ಅಂತ ಮುಂಕ್ ತಾನೇ ಬರೆದುಕೊಂಡಿದ್ದಾನೆ.

ಹಾಗಾಗಿ ಚಿತ್ರದ ಎದುರು ಅದೇ ಭಂಗಿಯಲ್ಲಿ ಸ್ವಲ್ಪ ಹೊತ್ತು ಇದ್ದು ನೋಡಿ. ಪಕ್ಕದವರು ನಗಲಿ, ಬಿಡಿ. ನಿಮ್ಮ ಭುಜ ಬಿಗಿಯಾಗುತ್ತದಾ, ಉಸಿರು ಕಟ್ಟುತ್ತದಾ? ಕುಂಚ ಆತುರದಲ್ಲಿ ಓಡಿದೆಯಾ, ತಡವರಿಸಿದೆಯಾ? ಹಸಿರಿಗೆ ಆಮೇಲೆ ಬನ್ನಿ. ಅದೂ ಒಂಟಿ ಹಸಿರಲ್ಲ. ಕೆಂಪಿನ ಪಕ್ಕ ಕೂತ ಹಸಿರು ಕಣ್ಣಿಗೆ ರಾಚುತ್ತದೆ, ಬೂದು ಬಣ್ಣದ ಪಕ್ಕ ಅದರ ವರಸೆಯೇ ಬೇರೆ. ಶೀರ್ಷಿಕೆಯ ಚೀಟಿ ಓದುವುದು ಕೊನೆಗೆ.

ನಿಮ್ಮ ಪ್ರಶ್ನೆಯಲ್ಲಿ ಆ ಹೆಂಗಸಿನ ಕೈ ಎಲ್ಲಿದೆ ಅಂತ ಒಂದು ಮಾತೂ ಇಲ್ಲ. ಪ್ರದರ್ಶನ ಇನ್ನೂ ಇದ್ದರೆ ಮತ್ತೊಮ್ಮೆ ಹೋಗಿ ಬನ್ನಿ, ಫೋಟೋ ತೆಗೆಯಲಿಕ್ಕಲ್ಲ.