ಸೆಳೆತದಲ್ಲಿ ಡೌನ್‌ರಿಗ್ಗರ್ ಗುಂಡಿನ ತೂಕ ಎಷ್ಟಿರಬೇಕು?

ಪ್ರಶ್ನೆ: ವ್ಯಾಂಕೂವರ್ ದ್ವೀಪದ ದಕ್ಷಿಣಕ್ಕಿರುವ ಹುವಾನ್ ಡಿ ಫ್ಯೂಕಾ ಜಲಸಂಧಿಯಲ್ಲಿ 17 ಅಡಿಯ ದೋಣಿಯಿಂದ ಚಿನೂಕ್ ಸಾಲ್ಮನ್ ಮೀನಿಗೆ ಟ್ರೋಲಿಂಗ್ ಮಾಡುತ್ತೇನೆ, ಅಂದರೆ ದೋಣಿ ನಡೆಸುತ್ತಾ ಗಾಳವನ್ನು ಹಿಂದೆ ಎಳೆಯುತ್ತೇನೆ. ಕೈಯಿಂದ ಸುತ್ತುವ ಎರಡು ಡೌನ್‌ರಿಗ್ಗರ್‌ಗಳಿವೆ (ತಂತಿಯ ತುದಿಗೆ ಕಟ್ಟಿದ ಭಾರದ ಗುಂಡಿನಿಂದ ಗಾಳವನ್ನು ಆಳಕ್ಕೆ ಇಳಿಸುವ ಸಾಧನ). ಗುಂಡುಗಳು 10 ಪೌಂಡಿನವು. ಇಳಿತದ ಸೆಳೆತಕ್ಕೆ ಎದುರಾಗಿ ಹೋಗುವಾಗ ತಂತಿ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಆಳ ಸಿಗಲೆಂದು 140 ಅಡಿ ಬಿಟ್ಟಿದ್ದೆ. ತಿರುಗಿ ಬರುವಾಗ ಗುಂಡು ತಳದ ಬಂಡೆಗೆ ಸಿಕ್ಕಿ ಕಳೆದುಹೋಯಿತು. 15 ಪೌಂಡಿನ ಗುಂಡು ಕೊಳ್ಳಬೇಕೇ? ವಿದ್ಯುತ್ ಡೌನ್‌ರಿಗ್ಗರ್ ಬೇಕಾಗುತ್ತದೆಯೇ?

ಉತ್ತರ: ಹೋಗುವಾಗ ತಂತಿ ಹಿಂದಕ್ಕೆ ಚಾಚಿದ್ದಕ್ಕೂ ಬರುವಾಗ ಗುಂಡು ಬಂಡೆಗೆ ಸಿಕ್ಕಿದ್ದಕ್ಕೂ ಕಾರಣ ಒಂದೇ ಇರಬೇಕು: ನೀವು ಜಿಪಿಎಸ್ ತೋರಿಸುವ ವೇಗವನ್ನು ನೋಡಿಕೊಂಡು ದೋಣಿ ನಡೆಸಿದ್ದೀರಿ. ಜಿಪಿಎಸ್ ಹೇಳುವುದು ನೆಲದ ಮೇಲಿನ ವೇಗವನ್ನು. ಗುಂಡಿಗೂ ಮೀನಿಗೂ ಗೊತ್ತಿರುವುದು ನೀರಿನೊಳಗಿನ ವೇಗ ಮಾತ್ರ. 2 ನಾಟ್ (ನಾಟ್ ಎಂದರೆ ಸಮುದ್ರಯಾನದಲ್ಲಿ ಬಳಸುವ ವೇಗದ ಅಳತೆ) ಸೆಳೆತಕ್ಕೆ ಎದುರಾಗಿ ಜಿಪಿಎಸ್‌ನಲ್ಲಿ 2.5 ನಾಟ್ ಕಾಯ್ದುಕೊಂಡರೆ ನೀರಿನಲ್ಲಿ ನಿಮ್ಮ ವೇಗ 4.5 ನಾಟ್ ಆಗುತ್ತದೆ, ಅದೇ 2.5 ನಾಟ್‌ನಲ್ಲಿ ಸೆಳೆತದ ಜೊತೆಗೆ ಮರಳಿದರೆ ಕೇವಲ ಅರ್ಧ ನಾಟ್‌ಗೆ ಇಳಿಯುತ್ತದೆ. ಆಗ ತಂತಿ ನೆಟ್ಟಗೆ ಇಳಿಬಿದ್ದು, ಬಿಟ್ಟ 140 ಅಡಿಯೂ ಪೂರ್ತಿ ಆಳವಾಗಿಬಿಡುತ್ತದೆ. ಬಂಡೆ ಸಿಕ್ಕಿದ್ದು ಹಾಗೆ.

ಆದ್ದರಿಂದ ಮೊದಲು ತಂತಿಯ ಓರೆಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. 100 ಅಡಿ ತಂತಿ ಲಂಬಕ್ಕೆ 30 ಡಿಗ್ರಿ ಓರೆಯಾಗಿದ್ದರೆ ಗುಂಡು ಸುಮಾರು 87 ಅಡಿಯಲ್ಲಿರುತ್ತದೆ; 45 ಡಿಗ್ರಿಯಾದರೆ 71 ಅಡಿಯಲ್ಲಿ. ತಂತಿ ನೇರ ಗೆರೆಯಲ್ಲಿ ನಿಲ್ಲದೆ ಮೇಲ್ಭಾಗದಲ್ಲಿ ಹೆಚ್ಚು ಬಾಗುವುದರಿಂದ ನಿಜವಾದ ಆಳ ಸಾಮಾನ್ಯವಾಗಿ ಈ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ತಳದ ಹತ್ತಿರ ಮೀನು ಹಿಡಿಯುವವರು ಇದನ್ನು ಮರೆಯಬಾರದು. ಸೋನಾರ್ ಪರದೆಯ ಮೇಲೆ ಗುಂಡು ಕಾಣದಿದ್ದರೆ ಉಪಕರಣ ಕೆಟ್ಟಿದೆ ಎಂದುಕೊಳ್ಳಬೇಡಿ. ಗುಂಡು ಅದರ ಕಣ್ಣಳತೆಯಿಂದ ಹಿಂದೆ ಸರಿದಿದೆ ಎಂದಷ್ಟೇ ಅರ್ಥ.

ಇನ್ನು ತೂಕದ ಮಾತು. 10 ಪೌಂಡಿನ ಸೀಸದ ಗುಂಡಿನ ಅಡ್ಡಳತೆ ಸುಮಾರು 9 ಸೆಂಟಿಮೀಟರ್. ನೀರಿಗೆ ಅದು ಒಡ್ಡುವ ಮುಖ ಸುಮಾರು 65 ಚದರ ಸೆಂಟಿಮೀಟರ್. ತಂತಿ ಮುಕ್ಕಾಲು ಮಿಲಿಮೀಟರ್ ದಪ್ಪವಿದೆ ಎಂದಿಟ್ಟುಕೊಂಡರೆ ಅದರ 30 ಮೀಟರ್ ಉದ್ದ ಒಡ್ಡುವ ಮುಖ 225 ಚದರ ಸೆಂಟಿಮೀಟರ್, ಅಂದರೆ ಗುಂಡಿನ ಮೂರು ಪಟ್ಟಿಗಿಂತ ಹೆಚ್ಚು. ಹೀಗಾಗಿ ಆಳ ಹೆಚ್ಚಿದಂತೆ ನೀವು ಹೋರಾಡುವುದು ಗುಂಡಿನ ಜೊತೆಗಲ್ಲ, ತಂತಿಯ ಜೊತೆಗೆ. ಗುಂಡಿನ ಆಕಾರಕ್ಕಾಗಿ ದುಬಾರಿ ಬೆಲೆ ತೆರುವ ಮೊದಲು ಈ ಲೆಕ್ಕ ನೆನಪಿರಲಿ. ಚಪ್ಪಟೆ ಗುಂಡು ಅಥವಾ ಹಿಂಬದಿಯಲ್ಲಿ ರೆಕ್ಕೆಯಿರುವ ಗುಂಡು ಗಿರಕಿ ಹೊಡೆಯದೆ ನೇರವಾಗಿ ಸಾಗುತ್ತದೆ, ಅದರಿಂದ ತಂತಿಗೆ ಹುರಿ ಬೀಳುವುದಿಲ್ಲ. ಆದರೆ ತೂಕದ ಕೆಲಸವನ್ನು ಅದು ಮಾಡಲಾರದು. 15 ಪೌಂಡಿಗೆ ಏರಿದರೆ ತೂಕ ಒಂದೂವರೆ ಪಟ್ಟಾದರೂ ಗುಂಡಿನ ಮುಖ ಹೆಚ್ಚುವುದು ಮೂರನೇ ಒಂದು ಪಾಲಿನಷ್ಟೇ, ತಂತಿಯ ಮುಖವಂತೂ ಹೆಚ್ಚುವುದೇ ಇಲ್ಲ. ನೀವು ಇಳಿಸುವ ಆಳಕ್ಕೆ ನನ್ನ ಆಯ್ಕೆ 15 ಪೌಂಡೇ. ಎರಡೂ ಬದಿಗೆ ಒಂದೇ ತೂಕವಿರಲಿ, ಇಲ್ಲವಾದರೆ ಎರಡು ತಂತಿಗಳು ಬೇರೆ ಬೇರೆ ಓರೆಯಲ್ಲಿ ಸಾಗಿ ತಿರುವಿನಲ್ಲಿ ಗಾಳದ ದಾರಗಳು ಒಂದಕ್ಕೊಂದು ಸುತ್ತಿಕೊಂಡಾವು. ಆದರೂ ವೇಗದ ಮುಂದೆ ತೂಕ ಸಣ್ಣದು: ನೀರಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 2 ನಾಟ್‌ನಿಂದ 2.5ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ನೀವು ಗುಂಡಿಗೆ ಸೇರಿಸಿದ ಐದು ಪೌಂಡನ್ನು ಥ್ರಾಟಲ್‌ನ ಒಂದು ಸಣ್ಣ ಒತ್ತು ನುಂಗಿಹಾಕುತ್ತದೆ.

ವಿದ್ಯುತ್ ಡೌನ್‌ರಿಗ್ಗರ್ ಇಲ್ಲದೆಯೂ ಮೀನು ಸಿಗುತ್ತದೆ. ಆದರೆ 15 ಪೌಂಡನ್ನು 140 ಅಡಿಯಿಂದ ದಿನಕ್ಕೆ ಇಪ್ಪತ್ತು ಸಲ ಕೈಯಿಂದ ಸುತ್ತಿದವರಿಗೆ ಅದರ ಬೆಲೆ ತಿಳಿಯುತ್ತದೆ, ಅದರಲ್ಲೂ ಒಬ್ಬರೇ ಚುಕ್ಕಾಣಿಯನ್ನೂ ಗಾಳವನ್ನೂ ನೋಡಿಕೊಳ್ಳುವಾಗ. ಕೈಸುತ್ತಿನದನ್ನೇ ಇಟ್ಟುಕೊಳ್ಳುವಿರಾದರೆ, ಹಣವನ್ನು ಮೊದಲು ಅದನ್ನು ಕೂರಿಸಿದ ಜಾಗಕ್ಕೆ ಖರ್ಚು ಮಾಡಿ: ದೋಣಿಯ ಅಂಚಿನ ಕೆಳಗೆ ಗಟ್ಟಿಯಾದ ಪಟ್ಟಿ ಕೊಟ್ಟು, ಬೋಲ್ಟ್‌ಗಳನ್ನು ಆರಪಾರಾಗಿ ಬಿಗಿಯಿರಿ. ಡೌನ್‌ರಿಗ್ಗರ್‌ನ ಹೊರಚಾಚಿದ ತೋಳು ಉದ್ದವಾದಷ್ಟೂ ಗುಂಡು ಅದೇ ಅಂಚನ್ನು ಹೆಚ್ಚು ಬಲವಾಗಿ ಮೀಟುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ಲಚ್, ಅಂದರೆ ತಂತಿ ಸುತ್ತಿದ ಉರುಳೆಯನ್ನು ಹಿಡಿದಿಡುವ ಬಿಗಿ. ಗುಂಡು ತಾನಾಗಿ ಜಾರದಷ್ಟು ಮಾತ್ರ ಅದನ್ನು ಬಿಗಿ ಮಾಡಿ. ಕೈಯಿಂದ ಜೋರಾಗಿ ಎಳೆದರೆ ತಂತಿ ಬಿಚ್ಚಿಕೊಳ್ಳಲೇಬೇಕು. ಸೆಳೆತದಲ್ಲಿ ಗುಂಡು ಬಂಡೆಗೆ ಸಿಕ್ಕಿ ಕ್ಲಚ್ ಜಾರದಿದ್ದರೆ ಆ ತಂತಿಯೇ ಲಂಗರಾಗುತ್ತದೆ; ಲಂಗರಿಗೆ ಹಿಂಬದಿ ಕೊಟ್ಟು ನಿಂತ 17 ಅಡಿಯ ದೋಣಿಯೊಳಗೆ ನೀರು ನುಗ್ಗಲು ಹೆಚ್ಚು ಹೊತ್ತು ಬೇಕಿಲ್ಲ. ಹಾಗೆ ಸಿಕ್ಕಿದಾಗ ತಕ್ಷಣ ಕ್ಲಚ್ ಸಡಿಲಿಸಿ ತಂತಿ ಬಿಡುತ್ತಾ, ಪ್ರೊಪೆಲರ್‌ಗೆ ಸಿಗದಂತೆ ನೋಡಿಕೊಂಡು, ಸಿಕ್ಕಿದ ಜಾಗವನ್ನು ದಾಟಿ ಬಂದ ದಿಕ್ಕಿನಿಂದಲೇ ಹಿಂದಕ್ಕೆ ಎಳೆದು ನೋಡಿ. ಬಾರದಿದ್ದರೆ ಕತ್ತರಿಸಿ. ಡೌನ್‌ರಿಗ್ಗರ್‌ನಲ್ಲಿ ತಂತಿಯ ಬದಲು ಹೆಣೆದ ದಾರವಿದ್ದರೆ ಚಾಕು ಸಾಕು. ನಿಮ್ಮ ಉಕ್ಕಿನ ತಂತಿಗೆ ಕಟ್ಟರ್ ಬೇಕು, ಮತ್ತು ಅದು ಪೆಟ್ಟಿಗೆಯ ತಳದಲ್ಲಲ್ಲ, ಡೌನ್‌ರಿಗ್ಗರ್‌ನ ಪಕ್ಕದಲ್ಲೇ ಕೈಗೆ ಎಟುಕುವಂತೆ ತೂಗುಹಾಕಿರಬೇಕು.