ಜೋಪಡಿ ಖಾಲಿ ಮಾಡುವ ಮೊದಲು

ಪ್ರಶ್ನೆ: ನಮಸ್ಕಾರ ಸರ್. ಊರು ಕಲಬುರಗಿ ಕಡೆ, ಇರುವುದು ಮುಂಬೈನ ಭಾಂಡುಪ್‌ನ ಜೋಪಡಿಯಲ್ಲಿ. ಜೋಪಡಿ ಕೆಡವಿ ಕಟ್ಟಡದಲ್ಲಿ ಮನೆ ಕೊಡುವ ಎಸ್‌ಆರ್‌ಎ (ಸ್ಲಂ ಪುನರ್ವಸತಿ ಪ್ರಾಧಿಕಾರ) ಯೋಜನೆಗೆ ಸಹಿ ಹಾಕಿ ಅಂತ ಬಿಲ್ಡರ್ ಕಡೆಯವರು ದಿನಾ ಬರುತ್ತಾರೆ. ಹಾಕಿ ಮನೆ ಖಾಲಿ ಮಾಡಬಹುದಾ?

ಉತ್ತರ: ಸಹಿ ಬೇರೆ, ಖಾಲಿ ಮಾಡೋದು ಬೇರೆ. ಶೇ. 51 ಜನ ಒಪ್ಪಿದರೆ ಯೋಜನೆ ಮುಂದೆ ಹೋಗುತ್ತದೆ, ನೀವೊಬ್ಬರೇ ಸುಮ್ನೆ ಹಟ ಹಿಡಿದರೆ ಏನೂ ಆಗಲ್ಲ. ಆದರೆ ಬೀಗದ ಕೈ ಕೊಡುವ ಮೊದಲು ‘ಅನೆಕ್ಸರ್ 2’ ನೋಡಿ, ಯಾರಿಗೆ ಮನೆ ಸಿಗುತ್ತದೆ, ಯಾರಿಗಿಲ್ಲ ಅಂತ ಹೇಳುವ ಪಟ್ಟಿ ಅದು. ನಿಮ್ಮ ಹೆಸರಿನ ಮುಂದೆ ಮರಾಠಿಯಲ್ಲಿ ‘ಪಾತ್ರ’ (ಅರ್ಹ) ಅಂತಿದ್ದರೆ ಸರಿ, ‘ಅಪಾತ್ರ’ (ಅನರ್ಹ) ಅಂತಿದ್ದರೆ ಕೂಡಲೇ ಅಪೀಲು ಹಾಕಿ. 2000ದ ಜನವರಿ 1ಕ್ಕೆ ಮೊದಲಿನಿಂದ ಇರುವ ದಾಖಲೆ ಇದ್ದರೆ 300 ಚದರಡಿ ಮನೆ ಉಚಿತ, ಅದಾದ ಮೇಲೆ 2011ರ ಜನವರಿ 1ರೊಳಗೆ ಬಂದವರು 2.5 ಲಕ್ಷ ರೂಪಾಯಿ ಕಟ್ಟಬೇಕು. ನಮ್ಮವರದ್ದು ಒಂದು ಗೋಳು ಇದೆ, ರೇಷನ್ ಕಾರ್ಡಿನಲ್ಲಿ ಹೆಸರು ಒಂದು ಥರ, ಲೈಟ್ ಬಿಲ್ಲಿನಲ್ಲಿ ಇನ್ನೊಂದು ಥರ, ಅಪ್ಪನ ಹೆಸರಂತೂ ಇನ್ನೂ ಬೇರೆ! ಅದನ್ನು ಈಗಲೇ ಸರಿಮಾಡಿಸಿ.

ನಿಜವಾದ ತಲೆನೋವು ಬಾಡಿಗೆಯದ್ದು. ಕಟ್ಟಡ ಏಳುವವರೆಗೆ ನೀವು ಹೊರಗಿರಬೇಕು, ಆ ಬಾಡಿಗೆ ಬಿಲ್ಡರ್ ಕೊಡಬೇಕು, ಎಷ್ಟೋ ಕಡೆ ಕೆಲವು ತಿಂಗಳು ಕೊಟ್ಟು ಕೈ ಎತ್ತಿದ್ದಾರೆ. ಬಾಯಿಮಾತು ನಂಬಬೇಡಿ, ಕರಾರು ಬರೆಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಬಾಡಿಗೆ ನಿಂತರೆ ಸೊಸೈಟಿಯವರೆಲ್ಲ ಸೇರಿ ಬಾಂದ್ರಾದ ಎಸ್‌ಆರ್‌ಎ ಕಚೇರಿಗೆ ದೂರು ಕೊಡಿ. ಕೆಲಸ ಮಾಡದ ಬಿಲ್ಡರ್‌ನನ್ನು ಮಹಾರಾಷ್ಟ್ರದ ಸ್ಲಂ ಕಾಯ್ದೆಯ 13(2)ನೇ ಕಲಮಿನಲ್ಲಿ ತೆಗೆದುಹಾಕುವ ಅಧಿಕಾರ ಅವರಿಗಿದೆ.