ಅರ್ಧ ಸಿನಿಮಾ, ಅರ್ಧ ಕಚೇರಿ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ತುಮಕೂರು ಕಡೆಯ ಹೈಸ್ಕೂಲ್ ಒಂದರಲ್ಲಿ ಗಣಿತದ ಮೇಷ್ಟ್ರು. 2023ರ ಮಾರ್ಚ್ ಕೊನೆಯ ವಾರ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನೋಡಲು ಬಂದಿದ್ದೆ. ಅದೇ ಸಂಜೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕಚೇರಿಗೂ ಹೋಗೋಣ ಎಂದು ಗೆಳೆಯ ಎಳೆದುಕೊಂಡು ಹೋದ. ಅದಕ್ಕಾಗಿ ಸಿನಿಮಾ ಮುಗಿಯುವ ಮೊದಲೇ ಎದ್ದೆವು. ಅಷ್ಟಾದರೂ ಕಚೇರಿ ಶುರುವಾಗಿ ಮುಕ್ಕಾಲು ಗಂಟೆ ಆಗಿತ್ತು. ಸಿನಿಮಾದಲ್ಲಿ ನಡುವೆ ನಿದ್ದೆ ಹೋಗಿದ್ದೆ. ಕಚೇರಿಯಲ್ಲಿ ಒಂದು ರಾಗದ ಹೆಸರೂ ಗೊತ್ತಾಗಲಿಲ್ಲ. ಮೃದಂಗದವರು ನುಡಿಸಲು ಶುರು ಮಾಡಿದ್ದೇ ತಡ, ಜನ ಎದ್ದು ಕಾಫಿಗೆ ಹೊರಟರು. ಅದು ಅವಮಾನ ಅಲ್ವಾ? ಒಟ್ಟಿನಲ್ಲಿ ಎರಡೂ ಅರ್ಧರ್ಧ ಆಗಿ ಏನೂ ದಕ್ಕಲಿಲ್ಲ. ಇವೆಲ್ಲ ನಮ್ಮಂಥವರಿಗೆ ಅಲ್ಲವೇನೋ. ಮುಂದಿನ ಸಲ ಅಮ್ಮನನ್ನೂ ಕರೆತರಬೇಕು ಅಂದುಕೊಂಡಿದ್ದೆ, ಈಗ ಅನುಮಾನ. ನೀವೇನು ಹೇಳುತ್ತೀರಿ? (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಗಣಿತ ಕಲಿಸುವ ನೀವು ಅರ್ಧಕ್ಕೆ ಅರ್ಧ ಕೂಡಿಸಿ ಸೊನ್ನೆ ಬರೆದಿದ್ದೀರಿ! ನನ್ನ ಲೆಕ್ಕ ಬೇರೆ. ಕಚೇರಿಗೆ ತಡವಾಗಿ ಹೋದದ್ದರಿಂದ ನಿಮಗೆ ಅಂಥಾ ನಷ್ಟ ಆಗಿಲ್ಲ. ಸಿನಿಮಾದಿಂದ ಬೇಗ ಎದ್ದಿರಲ್ಲ, ಅಲ್ಲಿ ಆಗಿದೆ ನಷ್ಟ.

ಕರ್ನಾಟಕ ಸಂಗೀತದ ಕಚೇರಿಯನ್ನು ಜೋಡಿಸಿರುವುದೇ ತಡವಾಗಿ ಬಂದವರನ್ನೂ ಒಳಗೆ ಸೇರಿಸಿಕೊಳ್ಳುವ ಹಾಗೆ. ಈಗಿನ ಕ್ರಮವನ್ನು ರೂಢಿಗೆ ತಂದವರು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967) ಎನ್ನುತ್ತಾರೆ. ಮೊದಲು ಒಂದು ವರ್ಣ. ಆಮೇಲೆ ಒಂದೆರಡು ಚಿಕ್ಕ ಕೃತಿ. ನಂತರ ದಿನದ ದೊಡ್ಡ ರಾಗ, ಅದರ ಆಲಾಪನೆ (ಸಾಹಿತ್ಯವಿಲ್ಲದೆ ರಾಗ ಬೆಳೆಸುವುದು), ಕೃತಿ ಇಲ್ಲವೇ ರಾಗ-ತಾನ-ಪಲ್ಲವಿ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಹಾಡಿಕೆ), ತನಿ ಆವರ್ತನ (ಹಾಡು ನಿಂತು ಮೃದಂಗದವರು ತಾವೇ ನುಡಿಸುವ ಭಾಗ). ಕೊನೆಗೆ ದೇವರನಾಮ, ತಿಲ್ಲಾನ, ಮಂಗಳ. ವರ್ಣದ ಹೊತ್ತಿನಲ್ಲಿ ಹಾಡುವವರ ಗಂಟಲು ಬಿಸಿಯಾಗುತ್ತದೆ, ಮೈಕಿನವನು ಸದ್ದು ಹೊಂದಿಸಿಕೊಳ್ಳುತ್ತಾನೆ, ಜನ ಕುರ್ಚಿ ಹುಡುಕಿಕೊಳ್ಳುತ್ತಾರೆ. ತಿರುಳು ಬರುವುದು ಆಮೇಲೆ. ನೀವು ಅದಕ್ಕೆ ಸರಿಯಾಗಿ ಹೋಗಿದ್ದೀರಿ. ಊಟದ ಪಂಕ್ತಿಯಲ್ಲಿ ಉಪ್ಪು, ಉಪ್ಪಿನಕಾಯಿ ಬಡಿಸುವುದನ್ನು ತಪ್ಪಿಸಿಕೊಂಡಿರಿ, ಅಷ್ಟೇ. (ವರ್ಣಕ್ಕಾಗಿಯೇ ಮೊದಲ ಸಾಲಿನಲ್ಲಿ ಬಂದು ಕೂರುವವರು ಈ ಮಾತಿಗೆ ನನ್ನ ಮೇಲೆ ಪತ್ರ ಬರೆಯುತ್ತಾರೆ. ಬರೆಯಲಿ.)

ಸಿನಿಮಾದ ಜಾಯಮಾನ ಬೇರೆ. ಅದರಲ್ಲೂ ಉತ್ಸವದ ಸಿನಿಮಾ. ಇಂಟರ್ವಲ್ ಇರುವುದಿಲ್ಲ. ನಮ್ಮ ಕನ್ನಡ ಸಿನಿಮಾದಲ್ಲಿ ಇಂಟರ್ವಲ್‌ಗೆ ಒಂದು ಗಂಟು ಹಾಕುತ್ತಾರೆ, ಅಲ್ಲಿಗೆ ಎದ್ದರೂ ಅರ್ಧ ಕತೆ ಕೈಯಲ್ಲಿ ಇರುತ್ತದೆ. ನೂರು ನಿಮಿಷ ಒಂದೇ ಉಸಿರಿನಲ್ಲಿ ಹೋಗುವ ಸಿನಿಮಾದ ನಿರ್ದೇಶಕ ಕೊನೆಯ ಹತ್ತು ನಿಮಿಷವನ್ನು ನಂಬಿಕೊಂಡೇ ಮೊದಲ ಅರ್ಧ ಗಂಟೆಯನ್ನು ನಿಧಾನ ಮಾಡಿರುತ್ತಾನೆ. ನೀವು ಆ ನಿಧಾನವನ್ನೆಲ್ಲ ಸಹಿಸಿಕೊಂಡು, ಫಲ ಬರುವ ಹೊತ್ತಿಗೆ ಎದ್ದುಬಂದಿರಿ. ಅದೇ ಸಿನಿಮಾ ಮತ್ತೆ ತುಮಕೂರಿನ ಟಾಕೀಸಿಗೆ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಕಚೇರಿಯಾದರೆ ಅದೇ ಗಾಯಕರು ಮುಂದಿನ ತಿಂಗಳು ಇನ್ನೆಲ್ಲೋ ಹಾಡುತ್ತಾರೆ.

ನಿದ್ದೆಯ ಬಗ್ಗೆ ನಾಚಿಕೊಂಡು ಬರೆದಿದ್ದೀರಿ. ಅದರ ಅಗತ್ಯ ಇಲ್ಲ. ಇರಾನಿನ ದೊಡ್ಡ ನಿರ್ದೇಶಕ ಅಬ್ಬಾಸ್ ಕಿಯರೊಸ್ತಮಿ, ನೋಡುವವರಿಗೆ ನಿದ್ದೆ ತರಿಸುವ ಸಿನಿಮಾಗಳೇ ತನಗಿಷ್ಟ ಎಂದು ಹೇಳಿಕೊಂಡವರು. ಥಿಯೇಟರಿನಲ್ಲಿ ತೂಕಡಿಸುವಂತೆ ಮಾಡಿದ ಕೆಲವು ಸಿನಿಮಾಗಳೇ ಆಮೇಲೆ ರಾತ್ರಿ ನಿದ್ದೆಗೆಡಿಸಿದವು ಎನ್ನುವುದು ಅವರ ಅನುಭವ. ಬೆಳಗ್ಗೆ ಬೇಗ ಎದ್ದು, ತುಮಕೂರು ರಸ್ತೆಯ ಬಸ್ಸಿನಲ್ಲಿ ಕೂತು ಬಂದವರಿಗೆ ಎಸಿ ಥಿಯೇಟರಿನ ಮೆತ್ತನೆ ಸೀಟಿನಲ್ಲಿ ಕಣ್ಣು ಮುಚ್ಚಿದರೆ ಅದು ರಸಿಕತೆಯ ಕೊರತೆ ಅಲ್ಲ ಬಿಡಿ. ನಿದ್ದೆ ಮಾಡಿ. ಎದ್ದು ಮಾತ್ರ ಹೋಗಬೇಡಿ.

ಹಾಗಂತ ಒಂದೇ ಸಂಜೆಗೆ ಎರಡೂ ಬೇಡ ಎನ್ನಲಾರೆ. ನಿಮ್ಮ ಗೆಳೆಯರ ಯೋಚನೆ ಚೆನ್ನಾಗಿಯೇ ಇತ್ತು. ಆ ವರ್ಷ ಮಾರ್ಚ್ 22ಕ್ಕೆ ಯುಗಾದಿ, 30ಕ್ಕೆ ರಾಮನವಮಿ. ಚಿತ್ರೋತ್ಸವವೂ 23ರಿಂದ 30ರವರೆಗೆ. ಹೀಗೆ ಎರಡೂ ಕೂಡಿಬರುವುದು ಅಪರೂಪ. ಮುಖ್ಯ ಪ್ರದರ್ಶನಗಳು ಆಗ ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ಇದ್ದವು. ಅಲ್ಲಿಂದ ನಡೆದುಹೋದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೋ ನಿಲ್ದಾಣ. ಹಸಿರು ಲೈನ್ ಹಿಡಿದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಬದಲಿಸುವ ಗೋಜೂ ಇಲ್ಲ, ನೇರ ಕೆ.ಆರ್. ಮಾರ್ಕೆಟ್. ಅಲ್ಲಿಂದ ಕೋಟೆ ಹೈಸ್ಕೂಲ್ ದೂರವೇನಲ್ಲ. ನಾಲ್ಕು ಗಂಟೆಯೊಳಗೆ ಶುರುವಾಗುವ ಸಿನಿಮಾ ಹಿಡಿದು, ಪೂರ್ತಿ ನೋಡಿ, ಹೊರಗೆ ಬಂದು ಒಂದು ಕಾಫಿ ಕುಡಿದು ಹೊರಟರೂ ಕಚೇರಿಯ ಮುಖ್ಯ ಭಾಗ ಸಿಗುತ್ತದೆ. ಐದೂವರೆ ಶೋ ಹಿಡಿದರೆ ಮಾತ್ರ ನಿಮಗಾದ ಗತಿಯೇ. ಇನ್ನೂ ಸುಲಭದ ದಾರಿ ಒಂದಿದೆ. ಉತ್ಸವದ ಸಿನಿಮಾಗಳು ಚಾಮರಾಜಪೇಟೆಯ ಕಲಾವಿದರ ಸಂಘದಲ್ಲೂ, ಬನಶಂಕರಿಯ ಸುಚಿತ್ರಾ ಫಿಲಂ ಸೊಸೈಟಿಯಲ್ಲೂ ನಡೆಯುತ್ತಿದ್ದವು. ಕಲಾವಿದರ ಸಂಘದಲ್ಲಿ ನೋಡಿದ್ದರೆ ಕಚೇರಿಗೆ ಮೆಟ್ರೋವೇ ಬೇಕಿರಲಿಲ್ಲ. ಅದೇ ಪೇಟೆ, ಒಂದು ಆಟೋ ಸಾಕು.

ಅಂದಹಾಗೆ ಆ ಮೂಲೆಗೂ ಸಿನಿಮಾಗೂ ಹಳೆಯ ನಂಟು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಅದಾಗಿ ಐದು ವರ್ಷಕ್ಕೆ, 1939ರಲ್ಲಿ, ಎಸ್.ವಿ. ನಾರಾಯಣಸ್ವಾಮಿ ರಾವ್ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಶುರು ಮಾಡಿದರು. ನೀವು ಕೂತಿದ್ದು ಅದರ 85ನೇ ವರ್ಷದಲ್ಲಿ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ಭೀಮಸೇನ ಜೋಶಿ ಹಾಡಿದ್ದಾರೆ, ಜೇಸುದಾಸ್ ವರ್ಷ ವರ್ಷ ಹಾಡಿದ್ದಾರೆ.

‘ನಮ್ಮಂಥವರಿಗೆ ಅಲ್ಲ’ ಎನ್ನುವ ನಿಮ್ಮ ಮಾತನ್ನು ಈ ಚಪ್ಪರದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ರಾಮನವಮಿ ಸಂಗೀತ ಹುಟ್ಟಿದ್ದೇ ಬೀದಿಯಲ್ಲಿ, ಪಾನಕ, ಕೋಸಂಬರಿ, ನೀರುಮಜ್ಜಿಗೆಯ ಜೊತೆ. ಬೆಂಗಳೂರು, ಮೈಸೂರಿನ ಬಡಾವಣೆ ಬಡಾವಣೆಯಲ್ಲಿ ರಸ್ತೆಗೇ ಚಪ್ಪರ ಹಾಕಿ ಕಚೇರಿ ಇಡುತ್ತಿದ್ದರು. ನಿಂತು ಕೇಳುವವರು, ಕಾಂಪೌಂಡ್ ಮೇಲೆ ಕೂತು ಕೇಳುವವರು, ಸೈಕಲ್ ನಿಲ್ಲಿಸಿ ಒಂದು ಹಾಡು ಮುಗಿದ ಮೇಲೆ ತುಳಿದುಕೊಂಡು ಹೋಗುವವರು, ಎಲ್ಲರೂ ಕೇಳುಗರೇ. ಮೈಕ್ ಬಾರದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಎಂದೇ ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಹಾಕಿಸಿದರು. ಹಿಂದೆ ಕೂತವನಿಗಾಗಿ ವಾದ್ಯವನ್ನೇ ಬದಲಿಸಿದ ನಾಡು ಇದು. ರಾಗದ ಹೆಸರು ಗೊತ್ತಿಲ್ಲದವನು ಕೂರಬಾರದು ಎಂದು ಇಲ್ಲಿ ಯಾರೂ ಬೋರ್ಡು ಹಾಕಿಲ್ಲ. ಪಕ್ಕದವರು ಜೋರಾಗಿ ‘ಇದು ಕಾಂಬೋಜಿ’ ಎಂದರೆ, ಅವರಿಗೂ ಅನುಮಾನ ಇದೆ ಎಂದು ತಿಳಿಯಿರಿ.

ಈಗ ತನಿ ಆವರ್ತನಕ್ಕೆ ಬರುತ್ತೇನೆ. ಹೌದು, ಅವಮಾನವೇ. ಹಳೆಯ ದುರಭ್ಯಾಸ. ಗಾಯಕರು ನಿಲ್ಲಿಸಿ ಮೃದಂಗದವರ ಕಡೆ ಕೈ ತೋರಿಸುತ್ತಾರೆ, ಕುರ್ಚಿಗಳು ಸರಿಯುವ ಸದ್ದು ಶುರು. ಮಾತಿಲ್ಲ ಅಂದಮೇಲೆ ಸಂಗೀತವೂ ಇಲ್ಲ ಅನ್ನುವ ಲೆಕ್ಕ ಎದ್ದುಹೋಗುವವರದು. ಅಷ್ಟು ಹೊತ್ತು ಹಾಡಿನ ಹಿಂದೆ ಹಿಂದೆ ನಡೆದ ಕಲಾವಿದನಿಗೆ ಇಡೀ ಸಂಜೆಯಲ್ಲಿ ತನ್ನದೇ ಅಂತ ಸಿಗುವುದು ಈ ಹತ್ತು ಹದಿನೈದು ನಿಮಿಷ. ಆಗಲೇ ಸಭೆಯ ಬೆನ್ನು ಕಾಣುತ್ತದೆ.

ಆದರೆ ಮೇಷ್ಟ್ರೇ, ಇಡೀ ಕಚೇರಿಯಲ್ಲಿ ನಿಮಗೇ ಅಂತ ಮಾಡಿದ ಭಾಗ ಇದು. ಗಣಿತ ಬಲ್ಲವರಿಗೆ ರಾಗದ ಹೆಸರು ಬೇಕಾಗಿಲ್ಲ. ಹೇಳುತ್ತೇನೆ ಕೇಳಿ.

ಹೆಚ್ಚಾಗಿ ತಾಳ ಆದಿತಾಳ. ತೊಡೆಯ ಮೇಲೆ ಅಂಗೈಯಿಂದ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು. ನಾಲ್ಕಾಯಿತು. ಮತ್ತೆ ಪೆಟ್ಟು, ಅಂಗೈ ಮೇಲಾಗಿ ತಿರುಗಿಸುವುದು. ಪೆಟ್ಟು, ತಿರುಗಿಸುವುದು. ಎಂಟಾಯಿತು. ಇಷ್ಟೇ. ಕೈ ತಪ್ಪಿದರೆ ಮುಂದಿನ ಸಾಲಿನವರ ಕೈ ನೋಡಿಕೊಳ್ಳಿ, ಅಲ್ಲಿ ಹತ್ತು ಕೈ ಆಡುತ್ತಿರುತ್ತವೆ. ಈ ಎಂಟು ಎಣಿಕೆಯಲ್ಲಿ ಒಂದೊಂದಕ್ಕೂ ನಾಲ್ಕು ಮಾತ್ರೆ (ತಾಳದ ಚಿಕ್ಕ ಅಳತೆ) ಇಟ್ಟರೆ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 32. ಮೃದಂಗದವರು ಕೆಲವೊಮ್ಮೆ ನಾಲ್ಕನ್ನು ಬಿಟ್ಟು ಐದರ ನಡೆಗೆ ಹೋಗುತ್ತಾರೆ. ನಿಮ್ಮ ಕೈ ಅದೇ ಎಂಟನ್ನು ಹಾಕುತ್ತಿರುತ್ತದೆ, ಅವರ ಬೆರಳು ಅದರೊಳಗೆ 40 ತುಂಬುತ್ತಿರುತ್ತದೆ. ತಾಳದ ವೇಗ ಹೆಚ್ಚಿಲ್ಲ, ಎಣಿಕೆ ಬದಲಾಗಿಲ್ಲ, ಆದರೂ ನೆಲ ಓರೆಯಾದ ಹಾಗೆ ಅನ್ನಿಸುತ್ತದೆ.

ಆಮೇಲೆ ಘಟವೋ (ಮಡಕೆಯ ವಾದ್ಯ) ಖಂಜಿರವೋ (ಕೈಯಲ್ಲಿ ಹಿಡಿಯುವ ಚಿಕ್ಕ ಚರ್ಮವಾದ್ಯ) ಜೊತೆಗಿದ್ದರೆ ಸವಾಲು-ಜವಾಬು. ಮೃದಂಗ ಎರಡು ಆವರ್ತ ನುಡಿಸಿದರೆ ಘಟವೂ ಎರಡು. ಆಮೇಲೆ ಒಂದೊಂದು. ಆಮೇಲೆ ಅರ್ಧರ್ಧ. ಆಮೇಲೆ ಕಾಲು ಕಾಲು. ಕೊರೈಪ್ಪು ಅಂತಾರೆ ಇದಕ್ಕೆ. ಸಾಲು ಗಿಡ್ಡವಾಗುತ್ತಾ ಆಗುತ್ತಾ ಇಬ್ಬರೂ ಒಂದೇ ಜಾಗಕ್ಕೆ ಬಂದು ಸೇರಿ ಒಟ್ಟಿಗೆ ನುಡಿಸುತ್ತಾರೆ. ಕೊನೆಯಲ್ಲಿ ಒಂದು ನುಡಿಯನ್ನು ಮೂರು ಸಲ ನುಡಿಸಿ ಮುಗಿಸುವುದು ಪದ್ಧತಿ. ತೀರಾ ಸರಳವಾದ ಒಂದು ಲೆಕ್ಕ ಕೊಡುತ್ತೇನೆ: 10 ಮಾತ್ರೆಯ ನುಡಿ, ಒಂದು ಮಾತ್ರೆ ಮೌನ, ಮತ್ತೆ 10, ಮತ್ತೆ ಒಂದು ಮೌನ, ಮತ್ತೆ 10. ಕೂಡಿಸಿ. ಸರಿಯಾಗಿ 32. ಮುಂದಿನ ಪೆಟ್ಟು ನಿಮ್ಮ ಅಂಗೈಗೂ ಅವರ ಅಂಗೈಗೂ ಒಂದೇ ಕ್ಷಣಕ್ಕೆ ಬೀಳುತ್ತದೆ. ವೇದಿಕೆಯ ಮೇಲಿನ ಲೆಕ್ಕ ಇದಕ್ಕಿಂತ ಎಷ್ಟೋ ಪಟ್ಟು ಜಟಿಲ. ಹಾಡಿನ ಪಲ್ಲವಿಯನ್ನು ತಾಳದ ಮೊದಲ ಪೆಟ್ಟಿಗೆ ಎತ್ತಿಕೊಳ್ಳದೆ ಒಂದೂವರೆ ಎಣಿಕೆ ದಾಟಿ ಎತ್ತಿಕೊಂಡರಂತೂ ಮುಕ್ತಾಯವೂ ಅಲ್ಲಿಗೇ ಬಂದು ನಿಲ್ಲಬೇಕು. ಕಾಗದ, ಪೆನ್ನು ಏನೂ ಇಲ್ಲದೆ, ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲದೆ. ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳನ್ನು ಒಂದು ಸಲ ಇಲ್ಲಿಗೆ ಕರೆತಂದರೆ ಲ.ಸಾ.ಅ. ಯಾಕೆ ಬೇಕು ಎಂದು ಕೇಳುವುದನ್ನು ಬಿಡುತ್ತಾರೆ.

ಮುಂದಿನ ಸಲ ಕಾಫಿಯನ್ನು ಮೊದಲೇ ಕುಡಿದುಬಿಡಿ.

ಚಿತ್ರೋತ್ಸವದ ವಿಷಯದಲ್ಲಿ ಮಾತ್ರ ‘ನಮ್ಮಂಥವರಿಗೆ ಅಲ್ಲ’ ಎಂಬುದನ್ನು ಪೂರ್ತಿ ತಳ್ಳಿಹಾಕಲಾರೆ. ಪಾಸ್ ದುಬಾರಿಯೇನಲ್ಲ. ಆ ವರ್ಷ ಸಾಮಾನ್ಯರಿಗೆ 800 ರೂಪಾಯಿ, ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ, ಫಿಲಂ ಸೊಸೈಟಿ ಸದಸ್ಯರಿಗೆ 400. ಒಂದು ವಾರ ಬೆಳಗ್ಗಿನಿಂದ ರಾತ್ರಿವರೆಗೆ ನೋಡಬಹುದು. ಮಾಲ್‌ನಲ್ಲಿ ಒಂದು ಕುಟುಂಬದ ಪಾಪ್‌ಕಾರ್ನ್ ಖರ್ಚು ಇದಕ್ಕಿಂತ ಜಾಸ್ತಿ ಆಗುತ್ತದೆ. ತೊಡಕು ಇರುವುದು ಸಬ್‌ಟೈಟಲ್‌ನಲ್ಲಿ. ಪರ್ಷಿಯನ್ ಸಿನಿಮಾ ಇರಲಿ, ಕೊರಿಯನ್ ಇರಲಿ, ಕೆಳಗೆ ಓಡುವುದು ಇಂಗ್ಲಿಷ್. ಓದುವಷ್ಟರಲ್ಲಿ ಮುಖ ತಪ್ಪಿಹೋಗುತ್ತದೆ, ಮುಖ ನೋಡಿದರೆ ಸಾಲು ತಪ್ಪಿಹೋಗುತ್ತದೆ. ಕನ್ನಡ ನಾಡಿನಲ್ಲಿ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಉತ್ಸವ ಇದು. ಎಲ್ಲಕ್ಕೂ ಆಗದಿದ್ದರೆ ಹೋಗಲಿ, ಉದ್ಘಾಟನೆಯ ಚಿತ್ರಕ್ಕಾದರೂ, ಪ್ರಶಸ್ತಿ ಗೆದ್ದ ಚಿತ್ರಕ್ಕಾದರೂ ಕನ್ನಡದ ಸಾಲು ಹಾಕಿಸಬಹುದಲ್ಲವೇ? ಇದನ್ನು ಬೇಡಿಕೆಯಾಗಿಯೇ ಬರೆಯುತ್ತಿದ್ದೇನೆ. ಓದುಗರೂ ದನಿಗೂಡಿಸಿದರೆ ಒಳ್ಳೆಯದು.

ಅದಾಗುವವರೆಗೆ ಆಯ್ಕೆಯಲ್ಲಿ ಜಾಣತನ ಮಾಡಿ. ಪುಸ್ತಿಕೆಯಲ್ಲಿ ಪ್ರತಿ ಸಿನಿಮಾದ ಅವಧಿ ಕೊಟ್ಟಿರುತ್ತಾರೆ. ಮೊದಲ ದಿನವೇ ಮೂರು ಗಂಟೆಯದಕ್ಕೆ ಕೈ ಹಾಕಬೇಡಿ. ತೊಂಬತ್ತು ನಿಮಿಷದ್ದು ಆರಿಸಿಕೊಳ್ಳಿ. ಮಕ್ಕಳು ಮುಖ್ಯ ಪಾತ್ರದಲ್ಲಿರುವ ಸಿನಿಮಾಗಳಲ್ಲಿ ಮಾತು ಸಾಮಾನ್ಯವಾಗಿ ಕಡಿಮೆ, ಕಣ್ಣಿಗೆ ಕೆಲಸ ಜಾಸ್ತಿ. ದಿನಕ್ಕೆ ಐದು ನೋಡುವ ವೀರರನ್ನು ಕಂಡು ಹೆದರಬೇಡಿ. ಅವರು ಸಂಜೆ ಕ್ಯೂನಲ್ಲಿ ನಿಂತು ಬೆಳಗ್ಗೆ ನೋಡಿದ ಸಿನಿಮಾ ಯಾವ ದೇಶದ್ದು ಎಂದು ಪರಸ್ಪರ ಕೇಳಿಕೊಳ್ಳುತ್ತಿರುತ್ತಾರೆ.

ಅಮ್ಮನನ್ನು ಖಂಡಿತ ಕರೆತನ್ನಿ. ಸಿನಿಮಾಗಾದರೆ ಕನ್ನಡ ಸ್ಪರ್ಧೆಯ ವಿಭಾಗ ನೋಡಿ. ಊರಿನ ಟಾಕೀಸಿಗೆ ಎಂದೂ ಬಾರದ ಕನ್ನಡ ಸಿನಿಮಾಗಳು ಅಲ್ಲಿ ಸಿಗುತ್ತವೆ, ಸಬ್‌ಟೈಟಲ್‌ನ ರಗಳೆಯೂ ಅವರಿಗಿಲ್ಲ. ಎರಡೂ ಉತ್ಸವ ಪ್ರತಿ ವರ್ಷ ಕೂಡಿಬರುವುದಿಲ್ಲ, ಚಿತ್ರೋತ್ಸವದ ತಾರೀಖು ಹಿಂದೆ ಮುಂದೆ ಆಗುತ್ತಿರುತ್ತದೆ. ಕೂಡಿಬಂದರೂ ಅಮ್ಮನಿಗೆ ಒಂದೇ ದಿನ ಎರಡನ್ನೂ ಹೇರಬೇಡಿ. ಕಚೇರಿಗೆ ಅವರಿಗೆ ನಿಮ್ಮ ಮಾರ್ಗದರ್ಶನ ಬೇಕಾಗಲಾರದು. ಕೊನೆಯಲ್ಲಿ ದೇವರನಾಮ ಶುರುವಾದಾಗ ಪುರಂದರದಾಸರ ಸಾಲನ್ನು ಗಾಯಕರಿಗಿಂತ ಮೊದಲೇ ಅವರು ಹೇಳಿದರೆ ಆಶ್ಚರ್ಯ ಇಲ್ಲ. ಕುರ್ಚಿ ಗಟ್ಟಿ ಇರುತ್ತದೆ, ಒಂದು ಟವೆಲ್ಲು ಮಡಚಿ ತನ್ನಿ. ಮಾರ್ಚ್-ಏಪ್ರಿಲ್‌ನಲ್ಲಿ ಒಮ್ಮೊಮ್ಮೆ ಸಂಜೆ ಮಳೆ ಹುಯ್ಯುತ್ತದೆ, ಛತ್ರಿಯೂ ಇರಲಿ.

ವಾಪಸ್ ಹೋಗಲು ರಾತ್ರಿ ಮೆಜೆಸ್ಟಿಕ್‌ನ ನೂಕುನುಗ್ಗಲಿಗೆ ಅವರನ್ನು ಸಿಕ್ಕಿಸಬೇಡಿ. ಮಾರ್ಕೆಟ್ ನಿಲ್ದಾಣದಲ್ಲಿ ಅದೇ ಹಸಿರು ಲೈನ್ ಹತ್ತಿ ಗೊರಗುಂಟೆಪಾಳ್ಯದಲ್ಲಿ ಇಳಿದರೆ ತುಮಕೂರು ಬಸ್ಸುಗಳು ಅಲ್ಲೇ ನಿಲ್ಲುತ್ತವೆ. ಮಂಗಳ ಮುಗಿಸಿಕೊಂಡೇ ಹೊರಡಬಹುದು.

— ಸಂಪಾದಕ